ಖಾಲಿ ಎಂದು ಬಿಟ್ಟ ಹನ್ನೊಂದು ಗರಿ

ಯಂತ್ರಗಳು ನನ್ನ ಕೆಲಸ ಕಿತ್ತುಕೊಂಡದ್ದು ಎರಡು ಸಲ. ಮೊದಲ ಸಲ ಒಂದು ರೈಲ್ವೆ ಜಂಕ್ಷನ್ನಿನಲ್ಲಿ. ಅಲ್ಲಿ ಮೈಕಿನ ಮುಂದೆ ಕೂತು ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಮೂರು ಭಾಷೆಯಲ್ಲಿ ಹೇಳುವುದು ನನ್ನ ನೌಕರಿ. ಒಂದು ದಿನ ನನ್ನ ದನಿಯನ್ನೇ ತುಂಡು ತುಂಡಾಗಿ ಮುದ್ರಿಸಿಕೊಂಡು, ಇನ್ನು ನೀವು ಟಿಕೆಟ್ ಕಿಟಕಿಯಲ್ಲಿ ಕೂಡಬಹುದು ಎಂದರು. ಎರಡನೆಯ ಸಲ ಧಾರವಾಡದ ನನ್ನ ಮನೆಯ ಪಡಸಾಲೆಯಲ್ಲಿ, ಹೆಂಡತಿಯ ಎದುರಿನಲ್ಲೇ. ಮೊದಲನೆಯದರ ಬಗ್ಗೆ ಯೂನಿಯನ್ನಿಗೆ ದೂರು ಕೊಟ್ಟಿದ್ದೆ. ಎರಡನೆಯದಕ್ಕೆ ದೂರು ಕೊಡುವ ಜಾಗವೇ ಇರಲಿಲ್ಲ.

ನನ್ನ ಹೆಂಡತಿ ಇಂದುಮತಿ ಕೊಣ್ಣೂರ ಲೇಖಕಿ. ಆರು ಪುಸ್ತಕ ಬರೆದಿದ್ದಾಳೆ, ಆರೂ ಸದ್ದಿನ ಚರಿತ್ರೆ. ನಗಾರಿಯ ಮೇಲೊಂದು, ಬೀದಿ ಮಾರಾಟಗಾರರ ಕೂಗಿನ ಮೇಲೊಂದು, ಹೀಗೆ. ಮೂರನೆಯ ಇಯತ್ತೆಯಲ್ಲಿದ್ದಾಗ ಜ್ವರ ಬಂದು ಅವಳ ಕಣ್ಣು ಹೋದವು. ಅಷ್ಟರಲ್ಲಿ ಪಾಟಿಯ ಮೇಲೆ ಕನ್ನಡದ ಎಲ್ಲ ಅಕ್ಷರ ತಿದ್ದಿ ಮುಗಿಸಿದ್ದಳು. ಆ ಅಕ್ಷರಗಳ ಆಕಾರ ಅವಳಲ್ಲಿ ಹಾಗೆಯೇ ಉಳಿಯಿತು. ಆಮೇಲೆ ಕಲಿತದ್ದು ಬ್ರೈಲ್. ಆದರೆ ಅವಳ ಕೆಲಸಕ್ಕೆ ಬೇಕಾದ ಹಳೆಯ ವರದಿ, ಗ್ರಂಥ, ತಾಳೆಗರಿಗಳಲ್ಲಿ ಸಾವಿರಕ್ಕೆ ಒಂದೂ ಬ್ರೈಲಿನಲ್ಲಿ ಇರಲಿಲ್ಲ. ಹಾಗಾಗಿ ಮದುವೆಯಾದ ಮರುವಾರದಿಂದ ನಾನು ಓದುವುದು, ಅವಳು ಕೇಳುವುದು ಎಂದಾಯಿತು. ಮೂವತ್ತು ವರ್ಷ ಅವಳ ಓದುವ ಯಂತ್ರ ನಾನೇ.

ಒಳ್ಳೆಯ ಯಂತ್ರವೇನೂ ಅಲ್ಲ. ಊಟದ ಹೊತ್ತು ಹತ್ತಿರ ಬಂದರೆ ಅಡಿಟಿಪ್ಪಣಿಗಳನ್ನು ನುಂಗಿಬಿಡುತ್ತಿದ್ದೆ. ಹೆಸರುಗಳ ಪಟ್ಟಿ ಬಂದರೆ "ಹಿಂಗ ಇನ್ನೂ ಇಪ್ಪತ್ತು ಮಂದಿ ಅದಾರ" ಎಂದು ಮುಂದೆ ಓಡುತ್ತಿದ್ದೆ. ಅವಳು ಹಿಡಿದುಹಾಕುತ್ತಿದ್ದಳು. "ನೀವು ಉಸಿರು ಹಿಡಿದ್ರಿ. ಒಂದು ಪ್ಯಾರಾ ಜಿಗಿದೀರಿ" ಎನ್ನುತ್ತಿದ್ದಳು. ನಾನು ಗೊಣಗುತ್ತ ಹಿಂದಕ್ಕೆ ಹೋಗುತ್ತಿದ್ದೆ. ಅವಳು ಹಿಡಿಯದೆ ಹೋದವು ಎಷ್ಟೋ ಇದ್ದವು. ಅವು ನನ್ನ ಹೊಟ್ಟೆಯಲ್ಲೇ ಇವೆ.

ಎರಡು ಸಾವಿರದ ನಲವತ್ತೆರಡನೆಯ ಇಸವಿಯಲ್ಲಿ, ನಾನು ನಿವೃತ್ತನಾದ ತಿಂಗಳೇ, ತಬಸ್ಸುಮ್ ನದಾಫ್ ಎಂಬ ಇಂಜಿನಿಯರ್ ಹುಡುಗಿ ಮನೆಗೆ ಬಂದಳು. ಊರಾಚೆಯ ಒಂದು ಪ್ರಯೋಗಾಲಯದಲ್ಲಿ ಕಣ್ಣು ಕಾಣದವರಿಗಾಗಿ ಓದುವ ಸಾಧನ ಮಾಡುತ್ತಿದ್ದರು. ಅದನ್ನು ಪರೀಕ್ಷೆ ಮಾಡಿಕೊಡಲು ಅವರಿಗೆ ಒಬ್ಬರು ಗಟ್ಟಿ ಓದುಗರು ಬೇಕಿತ್ತು. ಸಾಧನಕ್ಕೆ ಉದ್ದನೆಯ ಹೆಸರಿತ್ತು. ಇಂದುಮತಿ ಅದನ್ನು ಮುಟ್ಟಿ ನೋಡಿ, "ಇದು ನಮ್ಮ ಪಾಟಿ ಹಲಗಿ ಇದ್ದಂಗ ಐತಿ" ಎಂದಳು. ಅಂದಿನಿಂದ ಅದರ ಹೆಸರು ಹಲಗೆ.

ಹಲಗೆ ಮಾಡುತ್ತಿದ್ದದ್ದು ಮೂರು ಕೆಲಸ. ಪುಸ್ತಕವನ್ನು ಓದಿ ಹೇಳುತ್ತಿತ್ತು. ಬೇಕೆಂದರೆ ಅದೇ ಸಾಲನ್ನು ಬ್ರೈಲಿನಲ್ಲಿ ಎಬ್ಬಿಸುತ್ತಿತ್ತು. ಇನ್ನೂ ಬೇಕೆಂದರೆ ಪುಟದ ಮೇಲಿನ ಗೆರೆಗಳನ್ನೇ ದೊಡ್ಡದು ಮಾಡಿ ಬೆರಳಿಗೆ ಕೊಡುತ್ತಿತ್ತು. ಅದರ ಮೈಮೇಲೆ ಸಾಸಿವೆಗಿಂತ ಚಿಕ್ಕ ಲಕ್ಷಾಂತರ ಮೊಳೆಗಳಿದ್ದವು. ಒಂದೊಂದೂ ಬೇರೆ ಬೇರೆ ಎತ್ತರಕ್ಕೆ ಏಳಬಲ್ಲದು, ಇಳಿಯಬಲ್ಲದು. ನಕಾಶೆಯಾಗಲಿ, ಚಿತ್ರವಾಗಲಿ, ಯಾರದೋ ಕೈಬರಹವಾಗಲಿ, ಇದ್ದ ಹಾಗೆ ಬೆರಳ ಕೆಳಗೆ ಬರುತ್ತಿತ್ತು. ಇದಲ್ಲದೆ ದೇಶದ ಗ್ರಂಥಾಲಯಗಳೂ ಹಸ್ತಪ್ರತಿ ಭಂಡಾರಗಳೂ ಚಿತ್ರ ತೆಗೆದು ಇಟ್ಟಿದ್ದ ಎಲ್ಲವನ್ನೂ ಹುಡುಕುತ್ತಿತ್ತು.

ಮೊದಲ ದಿನವೇ ಅವಳು ಅದಕ್ಕೆ, "ಕಂಚಿನ ಗಂಟೆ ಎರಕ ಹೊಯ್ಯೋದರ ಬಗ್ಗೆ ಏನೇನು ಐತಿ ಹುಡುಕು" ಎಂದಳು. ಅವಳ ಏಳನೆಯ ಪುಸ್ತಕ ಗಂಟೆಗಳದು. ಅದಕ್ಕಾಗಿ ನಾನು ಎರಡು ವರ್ಷ ಪತ್ರ ಬರೆದು, ಗ್ರಂಥಾಲಯದ ಮೆಟ್ಟಿಲು ಹತ್ತಿ ಇಳಿದು ಹದಿಮೂರು ಲೇಖನ ಸಂಪಾದಿಸಿದ್ದೆ. ಹಲಗೆ ನಾಲ್ಕು ನಿಮಿಷಕ್ಕೆ ನೂರಾ ಆರು ಮುಂದಿಟ್ಟಿತು. ನನ್ನ ಹದಿಮೂರೂ ಅದರಲ್ಲಿದ್ದವು. ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಹೋದೆ.

ಒಳಗಿಂದ ಕೇಳಿದರೆ ಅವಳು ನಗುತ್ತಿದ್ದಳು. ಹಲಗೆಯ ಓದಿನ ವೇಗವನ್ನು ಮೂರು ಪಟ್ಟು ಏರಿಸಿದ್ದಳು. ನನಗೆ ಒಗ್ಗರಣೆ ಸಿಡಿದಂತೆ ಕೇಳುವುದು ಅವಳಿಗೆ ಮಾತಾಗಿ ಕೇಳುತ್ತಿತ್ತು. ಒಂದು ಅಡಿಟಿಪ್ಪಣಿ ಹಿಡಿದು ಇನ್ನೊಂದು ಗ್ರಂಥಕ್ಕೆ ಹೋಗುತ್ತಿದ್ದಳು, ಅಲ್ಲಿಂದ ಮತ್ತೊಂದಕ್ಕೆ, ತಿರುಗಿ ಮೊದಲಿನ ಸಾಲಿಗೇ ಬರುತ್ತಿದ್ದಳು. ಮೂವತ್ತು ವರ್ಷದಲ್ಲಿ ಅವಳು ಯಾರನ್ನೂ ಕೇಳದೆ ಪುಟ ತಿರುಗಿಸಿದ್ದು ಅದೇ ಮೊದಲು. ನನಗೆ ಹೊಟ್ಟೆಕಿಚ್ಚಾಯಿತು, ನಿಜ. ಆದರೆ ಆ ನಗು ಕೇಳಿ ಕಣ್ಣು ತುಂಬಿದ್ದೂ ನಿಜ. ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿತು.

ಆ ನೂರಾ ಆರರಲ್ಲಿ ಒಂದು ತಾಳೆಗರಿಯ ಕಟ್ಟು. ಸುಮಾರು ಮುನ್ನೂರು ವರ್ಷದ ಹಿಂದೆ ಬಮ್ಮೋಜ ಎಂಬ ಕಂಚುಗಾರ ಗಂಟೆ ಎರಕ ಹೊಯ್ಯುವ ಕ್ರಮವನ್ನು ಬರೆದಿಟ್ಟದ್ದು. ಅಚ್ಚಾಗಿರಲಿಲ್ಲ, ಯಾರೂ ಓದಿರಲೂ ಇಲ್ಲ. ಇಂದುಮತಿ ತನ್ನ ಪುಸ್ತಕ ಬದಿಗಿಟ್ಟು, ಮೊದಲು ಇದನ್ನೇ ಸಂಪಾದಿಸಿ ಹೊರತರುವುದೆಂದು ಹಟ ಹಿಡಿದಳು. ಒಂದು ಪ್ರಕಟಣ ಮಂಡಳಿ ಒಪ್ಪಿಕೊಂಡಿತು. ಅವಳು ವರ್ಷವಿಡೀ ಕೂತು, ಹಲಗೆಗೆ ಓದಲು ಬಾರದ ಹಳೆಯ ಅಕ್ಷರಗಳನ್ನು ಬೆರಳಿನಿಂದ ಬಿಡಿಸಿ, ಎಂಬತ್ತೇಳು ಗರಿಗಳ ಪಾಠ ಸಿದ್ಧಮಾಡಿದಳು.

ಆಗ ಮಂಡಳಿಯ ಅಧ್ಯಕ್ಷ ಪ್ರೊಫೆಸರ್ ಶೇಷಗಿರಿ ದೇಸಾಯಿಯವರು ಒಂದು ಫಾರ್ಮು ಕಳಿಸಿದರು. ಸಂಪಾದಕರು ರುಜು ಮಾಡಬೇಕಾದ ಫಾರ್ಮು. ಅದರ ಮೂರನೆಯ ಸಾಲು ಹೀಗಿತ್ತು: ಮೂಲ ಪ್ರತಿಯನ್ನು ಸ್ವತಃ ಕಣ್ಣಿನಿಂದ ನೋಡಿ, ಅಕ್ಷರ ಅಕ್ಷರವಾಗಿ ಓದಿ ದೃಢೀಕರಿಸಿದ್ದೇನೆ.

ನಾವು ಅವರ ಮನೆಗೇ ಹೋದೆವು. ದೇಸಾಯಿಯವರು ಕೆಟ್ಟವರಲ್ಲ. ಉಪ್ಪಿಟ್ಟು ತರಿಸಿದರು, ಇಂದುಮತಿಯ ನಗಾರಿ ಪುಸ್ತಕವನ್ನು ಹೊಗಳಿದರು. ಆಮೇಲೆ, "ನೋಡ್ರಿ ಇಂದುಮತಿಬಾಯಿ, ನಿಯಮ ಅಂದ್ರ ನಿಯಮ. ನಾಳೆ ಯಾರಾದ್ರೂ ಪಾಠ ತಪ್ಪು ಅಂದ್ರ ಮಂಡಳಿ ಏನು ಹೇಳಬೇಕು? ಸಂಪಾದಕರು ಅಂತ ಕೊಣ್ಣೂರ ಅವರ ಹೆಸರು ಹಾಕೋಣ. ಅವರಿಗೆ ಕಣ್ಣು ಅದಾವ. ನೀವು ಪ್ರಸ್ತಾವನಾ ಬರೀರಿ" ಎಂದರು.

"ಪ್ರಸ್ತಾವನಾ ಬರಿಯೋ ಸಲುವಾಗಿ ನಾ ಒಂದು ವರ್ಷ ಕೂತಿಲ್ರಿ ಸರ್" ಎಂದಳು ಅವಳು. "ಆರು ಪುಸ್ತಕದಾಗ ಓದಿದವರು ಅಂತ ಇವರ ಹೆಸರು ಐತಿ. ಅವರು ಓದಿದ್ರು, ಹಾಕಿದೆ. ಇದನ್ನ ನಾ ಓದೀನಿ."

ದೇಸಾಯಿಯವರು ಮೂರು ತಿಂಗಳ ನಂತರದ ಮಂಡಳಿ ಸಭೆಗೆ ವಿಷಯ ಇಡುತ್ತೇನೆ ಎಂದರು. ಅಷ್ಟರೊಳಗೆ ಪಾಠದ ಕೊನೆಯ ಪ್ರತಿ ಕೊಡಬೇಕು. ಸಭೆ ಒಪ್ಪದಿದ್ದರೆ ಪುಸ್ತಕದ ಮೇಲೆ ನನ್ನ ಹೆಸರು. ನಾನು ಮಾಡದ ಕೆಲಸಕ್ಕೆ ನನ್ನ ಹೆಸರು ಬರುವುದು ನನಗೂ ನಾಚಿಕೆಯ ವಿಷಯವೇ. ರಿಕ್ಷಾದಲ್ಲಿ ಮನೆಗೆ ಬರುವಾಗ ಅದನ್ನು ಬಾಯಿಬಿಟ್ಟು ಹೇಳಿದೆ. "ನಿಮಗ ನಾಚಿಕಿ ಆದ್ರ ನನಗೇನು ಸಿಕ್ತು" ಎಂದಳು.

ಮರುದಿನದಿಂದ ಪಾಠವನ್ನು ಮೊದಲಿನಿಂದ ತಾಳೆ ನೋಡಲು ಕೂತಳು. ನಾನು ಪಕ್ಕದಲ್ಲಿ ಹೆಸರುಕಾಳು ಆರಿಸುತ್ತಿದ್ದೆ. ವಾರ ಕಳೆದ ಮೇಲೆ ಎಂಬತ್ತೇಳನೆಯ ಗರಿ ಮುಗಿಯಿತು. ಹಲಗೆ ಎಂದಿನ ದನಿಯಲ್ಲಿ, "ಗ್ರಂಥ ಇಲ್ಲಿಗೆ ಮುಗಿಯಿತು. ಹನ್ನೊಂದು ಖಾಲಿ ಗರಿಗಳನ್ನು ಬಿಡಲಾಗಿದೆ" ಎಂದಿತು. ಅದುವರೆಗೆ ಅವಳು ಯಾವಾಗಲೂ ಮೂರು ಪಟ್ಟು ವೇಗದಲ್ಲಿದ್ದಳು, ಆ ಸೂಚನೆ ಬರುವ ಮೊದಲೇ ಮೊದಲ ಗರಿಗೆ ತಿರುಗುತ್ತಿದ್ದಳು. ಇವತ್ತು ನಿಧಾನಕ್ಕೆ ಕೇಳುತ್ತಿದ್ದಳು.

"ಯಾರನ್ನ ಕೇಳಿ ಬಿಟ್ಟಿ?" ಎಂದಳು ಹಲಗೆಗೆ.

ಕೇಳಿದ್ದು ಹಲಗೆಯನ್ನು. ಕಾಳು ಆರಿಸುವ ನನ್ನ ಕೈ ನಿಂತಿತು. ಅವಳು ನನ್ನ ಕಡೆ ತಿರುಗಿದಳು.

"ಕಟ್ಟಿನ ಕೊನೀಗೆ ಒಂದು ಇಲ್ಲಾ ಎರಡು ಬರೀ ಗರಿ ಇಡ್ತಾರ, ಒಳಗಿನವು ಸವೀಬಾರದು ಅಂತ. ಬಮ್ಮೋಜ ಹನ್ನೊಂದು ಯಾಕ ಇಟ್ಟ? ಗರಿ ಕೊಯ್ದು, ಕುದಿಸಿ, ಒಣಗಿಸಿ, ತಿಕ್ಕಿ ನುಣುಪು ಮಾಡೋದು ಸಣ್ಣ ಕೆಲಸ ಅಲ್ಲ. ಅದು ಖಾಲಿ ಅಂತ ಇದಕ್ಕ ಹೆಂಗ ಗೊತ್ತಾತು?"

ಅದನ್ನೇ ಕೇಳಲು ಮರುದಿನ ಪ್ರಯೋಗಾಲಯಕ್ಕೆ ಹೋದೆವು. ತಬಸ್ಸುಮ್ ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಆ ಹನ್ನೊಂದು ಗರಿಗಳನ್ನು ಹಾಕಿದಳು. ಹಳದಿ ಗರಿ, ದಾರ ಪೋಣಿಸಲು ಎರಡು ತೂತು, ಮತ್ತೇನೂ ಇಲ್ಲ.

"ಹಲಗಿ ಬಣ್ಣ ನೋಡ್ತದ್ರಿ ಮೇಡಂ" ಎಂದಳು. "ತಾಳೆಗರಿ ಮ್ಯಾಲ ಕಂಠ ಅನ್ನೋ ಮೊನಚು ಕಬ್ಬಿಣದ ಕಡ್ಡಿಯಿಂದ ಗೀರಿ ಬರೀತಾರ. ಗೀರು ಕಣ್ಣಿಗೆ ಕಾಣಂಗಿಲ್ಲ ಅಂತ ಆಮ್ಯಾಲ ಮಸಿ ತಿಕ್ಕಿ ಒರಸ್ತಾರ. ಗೀರಿನಾಗ ಮಸಿ ಕೂಡ್ತದ. ಆ ಕರೀ ಗೆರಿ ಇದ್ರ ಅಕ್ಷರ, ಇಲ್ಲಾಂದ್ರ ಖಾಲಿ. ಹಂಗ ನಾವು ಕಲಿಸೇವಿ. ಮ್ಯಾಲೆ ಭಂಡಾರದ ಪಟ್ಟಿಯೊಳಗೂ ಖಾಲಿ ಅಂತನ ಐತಿ. ನೋಡ್ರಿ ಬೇಕಾದ್ರ." ಪಟ್ಟಿಯ ನಮೂದನ್ನು ಓದಲು ಹಲಗೆಗೆ ಹೇಳಿದಳು.

ಹಲಗೆ ಓದಿತು: "ಒಟ್ಟು ಗರಿ ತೊಂಬತ್ತೆಂಟು. ಕೊನೆಯ ಹನ್ನೊಂದು ಖಾಲಿ. ಎಣಿಸಿ ಹೇಳಿದವರು, ಸಂದರ್ಶಕ ಬಸಲಿಂಗಪ್ಪ ಕೊಣ್ಣೂರ."

ಅದು ನಾನು. ನನಗೆ ಆಗಲೇ ಅರ್ಧ ನೆನಪಾಗಿತ್ತು, ಈಗ ಪೂರ್ತಿ ಆಯಿತು. ಹತ್ತೊಂಬತ್ತು ವರ್ಷದ ಹಿಂದೆ ನಗಾರಿ ಪುಸ್ತಕಕ್ಕಾಗಿ ಆ ಭಂಡಾರಕ್ಕೆ ಹೋಗಿದ್ದೆವು. ಅಲ್ಲಿಯ ಗುಮಾಸ್ತ ಈ ಕಟ್ಟನ್ನೂ ಬಿಚ್ಚಿ ಕೊಟ್ಟು, ಹೇಗೂ ನೋಡುತ್ತೀರಲ್ಲ, ಗರಿ ಎಣಿಸಿ ಹೇಳಿ, ಪಟ್ಟಿಯಲ್ಲಿ ಬರೆದುಕೊಳ್ಳುತ್ತೇನೆ ಎಂದ. ನನಗೆ ಬಸ್ಸಿನ ಚಿಂತೆ. ಇಂದುಮತಿ, ಏನಿದೆ ಅದರಲ್ಲಿ ಎಂದು ಕೇಳಿದಳು. "ಕಂಚು, ತವರ ಅಂತ ಏನೇನೋ ಐತಿ. ನಿನಗ ಬೇಕಾಗಿದ್ದಲ್ಲ. ಕೊನೀವು ಖಾಲಿ" ಎಂದೆ. ಪ್ಲಾಟ್‌ಫಾರ್ಮ್ ನಂಬರ್ ಹೇಳುವಷ್ಟೇ ಖಚಿತವಾಗಿ ಹೇಳಿದ್ದೆ. ಅವಳು ಕೈ ಚಾಚಿದಾಗ ಗುಮಾಸ್ತ, ಬರಿಗೈಯಲ್ಲಿ ಮುಟ್ಟುವಂತಿಲ್ಲ ಎಂದಿದ್ದ. ನಾನೂ ಅವಳ ಕೈ ಹಿಡಿದು ಹಿಂದಕ್ಕೆ ಎಳೆದಿದ್ದೆ.

ನಾನು, "ತಪ್ಪಾತು" ಎಂದೆ. ಮತ್ತೇನು ಹೇಳಲಿ.

ಇಂದುಮತಿ ನನ್ನ ಕಡೆ ತಿರುಗಲಿಲ್ಲ. "ತಬಸ್ಸುಮ್, ಬಣ್ಣ ಬಿಟ್ಟು ಬ್ಯಾರೆ ಏನಾದ್ರೂ ಅಳತಿ ತಗೊಂಡಾರೇನವಾ?" ಎಂದು ಕೇಳಿದಳು.

ತಗೊಂಡಿದ್ದರು. ಗರಿ ಎಲ್ಲಿ ಬಿರುಕು ಬಿಡುತ್ತಿದೆ, ಎಲ್ಲಿ ಹುಳು ಕೊರೆದಿದೆ ಎಂದು ತಿಳಿಯಲು ಭಂಡಾರದವರು ಬೆಳಕಿನ ಕಿರಣ ಹಾಯಿಸಿ ಪ್ರತಿ ಗರಿಯ ಉಬ್ಬುತಗ್ಗನ್ನು ಕೂದಲೆಳೆಯ ಹತ್ತರಲ್ಲಿ ಒಂದು ಪಾಲಿನಷ್ಟು ಸೂಕ್ಷ್ಮವಾಗಿ ಅಳೆದಿಟ್ಟಿದ್ದರು. ದುರಸ್ತಿಯವರಿಗಾಗಿ ಮಾಡಿದ ಅಳತೆ ಅದು. ಓದಲು ಬರುತ್ತದೆಂದು ಯಾರಿಗೂ ಹೊಳೆದಿರಲಿಲ್ಲ. ತಬಸ್ಸುಮ್ ಹತ್ತು ನಿಮಿಷ ಕೀಲಿಮಣೆ ಕುಟ್ಟಿದಳು. ಆ ಅಳತೆಯನ್ನು ನಲವತ್ತು ಪಟ್ಟು ಹೆಚ್ಚಿಸಿ ಹಲಗೆಗೆ ಕಳಿಸಿದಳು. ಮೊಳೆಗಳು ಸರ್ರನೆ ಎದ್ದವು.

ಇಂದುಮತಿ ಎರಡೂ ಕೈ ಇಟ್ಟಳು. ಎಡಗಡೆಯಿಂದ ಬಲಗಡೆಗೆ ಒಮ್ಮೆ ಹೋದಳು. ತಿರುಗಿ ಬಂದಳು. ತೋರುಬೆರಳು ಒಂದು ಕಡೆ ನಿಂತಿತು.

"ಬ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಬಿರಿದ ಗಂಟೆಯ."

ತಬಸ್ಸುಮ್ ಕುರ್ಚಿ ಎಳೆದುಕೊಂಡು ಅವಳ ಪಕ್ಕಕ್ಕೆ ಬಂದು ಕೂತಳು. ತಾನು ಮಾಡಿದ ಯಂತ್ರ ಖಾಲಿ ಎಂದದ್ದನ್ನು ಅದೇ ಯಂತ್ರದ ಮೇಲೆ ಒಬ್ಬಳು ಓದುತ್ತಿದ್ದಾಳೆ. ಹಲಗೆಗೆ ಆ ಅಕ್ಷರಗಳನ್ನು ಓದಿ ಹೇಳಲು ಬರುತ್ತಿರಲಿಲ್ಲ. ಅವನ್ನು ಓದಲು ಕಲಿತವರು ಇನ್ನೂ ಒಬ್ಬರೇ.

ಮುಂದಿನ ಎರಡು ತಿಂಗಳು ನಮ್ಮ ಪಡಸಾಲೆಯಲ್ಲಿ ಮಾತಿಗೆ ಜಾಗ ಇರಲಿಲ್ಲ. ಬೆಳಿಗ್ಗೆ ತಿಂಡಿ ಮುಗಿಸಿ ಕೂತರೆ ಊಟಕ್ಕೆ ನಾನೇ ಎಬ್ಬಿಸಬೇಕು. ಬೇರೆ ಗರಿಗಳಲ್ಲಿ ಒಂಬತ್ತು ಸಾಲಿದ್ದರೆ ಇವುಗಳಲ್ಲಿ ನಾಲ್ಕೇ. ಅವೂ ಕೆಲವು ಕಡೆ ಒಂದರ ಮೇಲೊಂದು ಏರಿದ್ದವು. ಬೆರಳ ತುದಿ ಕೆಂಪಾಗಿ ಸಿಪ್ಪೆ ಏಳುತ್ತಿತ್ತು. ನಾನು ಕೊಬ್ಬರಿ ಎಣ್ಣೆ ಹಚ್ಚಿ ಕೊಡುತ್ತಿದ್ದೆ, ಅವಳು ಒರೆಸಿಕೊಂಡು ಮತ್ತೆ ಕೂಡುತ್ತಿದ್ದಳು. ಏನು ಬರೆದಿದೆ ಎಂದು ಕೇಳಿದರೆ, "ಇನ್ನೂ ಮುಗಿದಿಲ್ಲ" ಎನ್ನುತ್ತಿದ್ದಳು. ಅವಳು ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲೂ ಇಲ್ಲ.

ಒಂದು ಮಧ್ಯಾಹ್ನ ನಾನೇ ಸುರುಮಾಡಿದೆ. "ಬರೇ ಆ ಕಟ್ಟು ಅಲ್ಲ. ಮೂವತ್ತು ವರ್ಷದಾಗ ಇನ್ನೂ ಎಷ್ಟೋ ಬಿಟ್ಟೀನಿ. ಅಡಿಟಿಪ್ಪಣಿ, ಪಟ್ಟಿ, ಒಮ್ಮೊಮ್ಮೆ ಒಂದಿಡೀ ಪುಟ."

ಅವಳು ಕೈ ಎತ್ತಲಿಲ್ಲ. "ಗೊತ್ತು. ಅದರಾಗ ಅರ್ಧ ನನಗ ಆಗಲೇ ಗೊತ್ತಾಗಿತ್ತು. ದಿನಾ ಜಗಳ ಆಡಿದ್ರ ನೀವು ಓದೋದು ಬಿಟ್ಟುಬಿಟ್ರ ಅನ್ನೋ ಅಂಜಿಕಿ. ಅದಕ್ಕ ಸುಮ್ನಿದ್ದೆ. ಓದಿ ಹೇಳೋರ ಮರ್ಜಿ ಕಾಯೋದು ಏನಂತ ನಿಮಗ ತಿಳಿಯಂಗಿಲ್ಲ ಬಿಡ್ರಿ" ಎಂದಳು.

ಮೂವತ್ತು ವರ್ಷ ಅವಳಿಗೆ ಉಪಕಾರ ಮಾಡಿದ್ದೇನೆ ಎಂದುಕೊಂಡಿದ್ದೆ. ಆ ಮಧ್ಯಾಹ್ನ ಆ ಹಮ್ಮು ಇಳಿಯಿತು.

ಸಭೆಯ ದಿನ ಮಂಡಳಿಯ ಉದ್ದ ಮೇಜಿನ ಸುತ್ತ ಏಳು ಜನ ಸದಸ್ಯರು. ನಾನೂ ತಬಸ್ಸುಮಳೂ ಹಿಂದಿನ ಕುರ್ಚಿಗಳಲ್ಲಿ. ಗೋಡೆಯ ಪರದೆಯ ಮೇಲೆ ಮೊದಲು ಬಣ್ಣದ ಚಿತ್ರ ಹಾಕಿದರು. ಹನ್ನೊಂದು ಹಳದಿ ಗರಿ, ಬಟಾಬಯಲು. ಇಂದುಮತಿ ಹಲಗೆಯ ಮೇಲೆ ಕೈಯಿಟ್ಟು ಓದತೊಡಗಿದಳು.

ಬಿರಿದ ಗಂಟೆಯನ್ನು ಕರಗಿಸದೆ ಸರಿಮಾಡುವ ಕ್ರಮ ಅದು. ಬಿರುಕು ಎಲ್ಲಿ ಕೊನೆಯಾಗುತ್ತದೋ ಅಲ್ಲಿ ಸಣ್ಣ ತೂತು ಕೊರೆಯಬೇಕು, ಆಗ ಅದು ಮುಂದೆ ಓಡುವುದಿಲ್ಲ. ಬಿರುಕಿನ ಎರಡು ಅಂಚು ಒಂದಕ್ಕೊಂದು ತಾಗದಂತೆ ಅರದಿಂದ ಉಜ್ಜಿ ತೆರವು ಮಾಡಬೇಕು, ತಾಗಿದರೆ ದನಿ ಒಡೆಯುತ್ತದೆ. ಕೊನೆ ಎಲ್ಲಿದೆಯೆಂದು ಕಣ್ಣಿಗೆ ಗೊತ್ತಾಗುವುದಿಲ್ಲ, ಉಗುರಿನಿಂದ ತಟ್ಟುತ್ತ ಹೋಗಿ ಕಿವಿಯಿಂದ ಹಿಡಿಯಬೇಕು. ಹತ್ತು ಗರಿ ಇದೇ. ಸದಸ್ಯರೊಬ್ಬರು ಲೋಹಶಾಸ್ತ್ರ ಕಲಿತವರು, ಮೊದಲು ಹುಬ್ಬುಗಂಟಿಕ್ಕಿದರು, ಆಮೇಲೆ ಬರೆದುಕೊಳ್ಳತೊಡಗಿದರು.

ದೇಸಾಯಿಯವರು ಕೈಯೆತ್ತಿದರು. "ಇದು ನಿಮ್ಮ ಬೆರಳಿಗೆ ಸಿಕ್ಕದ್ದು. ನಾವು ತಾಳೆ ನೋಡೋದು ಹ್ಯಾಂಗ?"

ತಬಸ್ಸುಮ್ ಅದಕ್ಕೆ ಸಿದ್ಧಳಾಗಿ ಬಂದಿದ್ದಳು. ಉಬ್ಬುತಗ್ಗಿನ ಅಳತೆಗೆ ಪಕ್ಕದಿಂದ ಬೆಳಕು ಬಿದ್ದಂತೆ ನೆರಳು ಕೊಟ್ಟು ಪರದೆಯ ಮೇಲೆ ಹಾಕಿದಳು. ಬಯಲಾಗಿದ್ದ ಗರಿಯಲ್ಲಿ ಅಕ್ಷರಗಳು ಮೂಡಿದವು. ಎಲ್ಲರೂ ಮುಂದಕ್ಕೆ ಬಾಗಿದರು. ದೇಸಾಯಿಯವರು ಕನ್ನಡಕ ಏರಿಸಿ, ಇಂದುಮತಿಯ ಪಾಠವನ್ನು ಕೈಯಲ್ಲಿ ಹಿಡಿದು, ಸಾಲು ಸಾಲಾಗಿ ಹೋಲಿಸಿದರು. ಮೊದಲ ಗರಿ ಸರಿ. ಎರಡನೆಯದು ಸರಿ. ಐದನೆಯದರಲ್ಲಿ ಸಾಲಿನ ಮೇಲೆ ಸಾಲು ಬಂದಿತ್ತು. ಅವರು ಪರದೆಯ ಹತ್ತಿರ ಹೋದರು, ದೂರ ನಿಂತರು. "ಇಲ್ಲಿ ಬರೇ ಗೋಜಲು. ಇದನ್ನ ಹ್ಯಾಂಗ ಬಿಡಿಸಿದ್ರಿ?"

"ಒಂದು ಗೀರು ಆಳ, ಇನ್ನೊಂದು ತೇಲಿ ಐತ್ರಿ ಸರ್. ಮೊದಲು ಬರೆದ ಸಾಲನ್ನ ಒತ್ತಿ ಬರದಾನ, ಎರಡನೇದು ಬರಿಯೋವಾಗ ಕೈ ಸೋತಾವ. ಬೆರಳಿಗೆ ಎರಡೂ ಬ್ಯಾರೆ ಬ್ಯಾರೆ ಆಗಿ ಸಿಗತಾವ. ಬರ್ರಿ, ಮುಟ್ಟಿ ನೋಡ್ರಿ."

ದೇಸಾಯಿಯವರು ಬಂದು ಹಲಗೆಯ ಮೇಲೆ ಬೆರಳಿಟ್ಟರು. ಎಪ್ಪತ್ತು ವರ್ಷದ ವಿದ್ವಾಂಸರು. ಆಚೆ ಈಚೆ ಸವರಿದರು. "ಏನೂ ತಿಳಿವಲ್ದು" ಎಂದರು. ಯಾರೂ ನಗಲಿಲ್ಲ.

"ಸಾಲು ಯಾಕ ಒಂದರ ಮ್ಯಾಲೊಂದು ಏರ್ಯಾವ, ಮಸಿ ಯಾಕ ಹಚ್ಚಿಲ್ಲ ಅನ್ನೋದು ಕೊನೀ ಗರಿಯೊಳಗ ಐತಿ" ಎಂದಳು ಇಂದುಮತಿ. "ಇದನ್ನ ನಾ ಯಾರಿಗೂ ಹೇಳಿಲ್ಲ."

ಓದಿದಳು: "ಕುಲುಮೆಯ ಬೆಂಕಿಯ ನೋಡಿ ನೋಡಿ ಕಣ್ಣು ಹೋಗಿ ಏಳು ವರುಷವಾಯಿತು. ಈ ಹನ್ನೊಂದು ಗರಿಯ, ಸಾಲಿಗೆ ನೂಲು ಕಟ್ಟಿ, ಕೈಯಳತೆಯಲ್ಲಿ ನಾನೇ ಬರೆದೆನು. ಬೇರೊಬ್ಬನ ಕೈಯಲ್ಲಿ ಬರೆಸಲಿಲ್ಲ. ಮಸಿಯ ಹಚ್ಚಲಿಲ್ಲ, ನನಗೆ ಅದು ಬೇಡ. ಬೇಕಾದವರು ಮುಟ್ಟಿ ಓದಲಿ. ಬಮ್ಮೋಜನ ಬರಹ."

ಮುನ್ನೂರು ವರ್ಷ ಆ ಮುದುಕ ಯಾರಿಗಾಗಿ ಕಾದಿದ್ದನೋ ಅವಳು ನನ್ನ ಹೆಂಡತಿ. ನನ್ನ ಎದೆ ಉಬ್ಬಿದ್ದನ್ನು ನಾನು ಮುಚ್ಚಿಡುವುದಿಲ್ಲ. ಜಂಕ್ಷನ್ನಿನ ಮೈಕು ಅಲ್ಲಿದ್ದಿದ್ದರೆ ಮೂರು ಭಾಷೆಯಲ್ಲೂ ಹೇಳಿಬಿಡುತ್ತಿದ್ದೆ.

ದೇಸಾಯಿಯವರು ತಮ್ಮ ಜಾಗಕ್ಕೆ ಹೋಗಿ ಕೂತರು. ಫಾರ್ಮನ್ನು ಮುಂದಕ್ಕೆ ಎಳೆದುಕೊಂಡು, "ಇದನ್ನ ಬರದಾವ ನಾನ. ಮೂವತ್ತು ವರ್ಷದ ಹಿಂದ" ಎಂದರು. ಕಣ್ಣಿನಿಂದ ನೋಡಿ ಎಂಬ ಎರಡು ಪದಗಳ ಮೇಲೆ ಗೆರೆ ಎಳೆದರು. ಉಳಿದ ಸಾಲು ಹಾಗೇ ಇತ್ತು: ಮೂಲ ಪ್ರತಿಯನ್ನು ಸ್ವತಃ ಅಕ್ಷರ ಅಕ್ಷರವಾಗಿ ಓದಿ ದೃಢೀಕರಿಸಿದ್ದೇನೆ. ತಾವೇ ಎದ್ದು ಬಂದು ಪೆನ್ನನ್ನು ಇಂದುಮತಿಯ ಕೈಗೆ ಕೊಟ್ಟರು, ರುಜು ಮಾಡುವ ಜಾಗಕ್ಕೆ ಅವಳ ಬೆರಳು ಮುಟ್ಟಿಸಿದರು. ಮೂರನೆಯ ಇಯತ್ತೆಯ ದುಂಡು ಅಕ್ಷರದಲ್ಲಿ ಅವಳು ತನ್ನ ಹೆಸರು ಬರೆದಳು.

ಪುಸ್ತಕ ಈಗ ಅಚ್ಚಾಗಿದೆ. ಸಂಪಾದಕರು ಇಂದುಮತಿ ಕೊಣ್ಣೂರ. ನನ್ನ ಹೆಸರು ಎಲ್ಲೂ ಇಲ್ಲ, ಇರಬಾರದು. ಬ್ರೈಲ್ ಪ್ರತಿಯೂ ಅದೇ ದಿನ ಹೊರಬಂತು. ತಬಸ್ಸುಮಳ ಹಲಗೆಗಳು ಈಗ ಯಾವ ಪುಟವನ್ನೂ ತಾವಾಗಿ ಬಿಡುವುದಿಲ್ಲ, ಬಿಡಲೇ ಎಂದು ಕೇಳುತ್ತವೆ.

ಸಭೆಯ ಮರುದಿನ ಮಧ್ಯಾಹ್ನ ಊಟ ಆದ ಮೇಲೆ ಅವಳು, "ಬರ್ರಿ ಇಲ್ಲಿ, ಕೂಡ್ರಿ" ಎಂದು ಕರೆದಳು. ಹಲಗೆ ಮುಂದಿತ್ತು. "ಕಣ್ಣು ಮುಚ್ಚಿಕೊಳ್ರಿ" ಎಂದಳು. ಮುಚ್ಚಿದೆ. ನನ್ನ ತೋರುಬೆರಳು ಹಿಡಿದು ಬಮ್ಮೋಜನ ಮೊದಲ ಅಕ್ಷರದ ಮೇಲೆ ಇಟ್ಟಳು, ಗೀರಿನ ಗುಂಟ ನಿಧಾನಕ್ಕೆ ಸುತ್ತಿಸಿದಳು. ನನಗೆ ಏನೂ ಗೊತ್ತಾಗಲಿಲ್ಲ. ಹೇಳಿದೆ. "ಆತು, ನಾ ಓದತೀನಿ. ನೀವು ಕೇಳ್ರಿ" ಎಂದಳು.

ನಾನು ಅಡಿಟಿಪ್ಪಣಿ ನುಂಗುತ್ತಿದ್ದ ಹಾಗೆ ಅವಳೂ ಎಲ್ಲಾದರೂ ಜಿಗಿಯುತ್ತಾಳೋ ನೋಡೋಣ ಎಂದುಕೊಂಡು ಕಿವಿಗೊಟ್ಟು ಕೂತೆ. ಅವಳು ಹನ್ನೊಂದು ಗರಿಯನ್ನೂ ನನಗೆ ಓದಿ ಹೇಳಿದಳು. ನನ್ನ ಚಹಾದ ಹೊತ್ತು ಮೀರಿತು, ಬೆನ್ನು ನೋಯತೊಡಗಿತು. ಅವಳು ಒಂದು ಸಾಲನ್ನೂ ಬಿಡಲಿಲ್ಲ.